ಹಾಳೆ ತಟ್ಟೆಯ ಅಚ್ಚು ಸ್ಕ್ಯಾನ್ ಮಾಡಿಸಿದೆ, ಫೈಲು ಸಿಕ್ಕಿತು, ತಟ್ಟೆ ಬರಲಿಲ್ಲ

ಹಾಳೆಮನೆ (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಶೆಡ್ಡಿನಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಮೂರು ಪ್ರೆಸ್ ಇಟ್ಟುಕೊಂಡಿದ್ದೇನೆ. ಎರಡರಲ್ಲಿ ಮಾಮೂಲಿ ಉರುಟು ತಟ್ಟೆ. ಮೂರನೆಯದರಲ್ಲಿ ಮೂರು ಖಾನೆಯ 10 ಇಂಚಿನ ತಟ್ಟೆ. ಅನ್ನಕ್ಕೆ ದೊಡ್ಡ ಖಾನೆ, ಪಲ್ಯಕ್ಕೂ ಸಾರಿಗೂ ಚಿಕ್ಕವು ಎರಡು. ಮದುವೆ, ಉಪನಯನದ ಕಾಲದಲ್ಲಿ ಜಾಸ್ತಿ ಹೋಗುವುದು ಅದೇ.

ಅದರ ಗಂಡು ಅಚ್ಚು (ಮೇಲಿನದು) ಬಲಗಡೆ ಸವೆದಿದೆ. ಖಾನೆಗಳ ನಡುವಿನ ಏಣು ಬರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಬೇರೆ. ಹಾಳೆ ಆ ಮೂಲೆಯಲ್ಲೇ ಹರಿಯುತ್ತದೆ. ಅಚ್ಚು ಮಾಡಿಕೊಟ್ಟವರು ಕೆಲಸ ನಿಲ್ಲಿಸಿ ವರ್ಷಗಳಾದವು. ಡ್ರಾಯಿಂಗ್ ಅಂತ ಒಂದು ಚೀಟಿಯೂ ಇಲ್ಲ.

ಮುಟ್ಟದೆ ಬರಿ ಬೆಳಕಿನಲ್ಲೇ ಅಳೆಯುವ ತ್ರೀಡಿ ಸ್ಕ್ಯಾನಿಂಗ್ ಇದೆ ಎಂದು ಅಳಿಯ ಹೇಳಿದ. ಒಂದು ಕಡೆ ಕೊಟ್ಟೆ. ಅರ್ಧ ದಿನದಲ್ಲಿ ಮುಗಿಸಿ ಪೆನ್‌ಡ್ರೈವಿನಲ್ಲಿ ಎಸ್‌ಟಿಎಲ್ ಫೈಲು ಕೊಟ್ಟರು. ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಸಿಎನ್‌ಸಿ ಅಂಗಡಿಗೆ ಒಯ್ದರೆ, "ಇದು ತ್ರಿಕೋನಗಳ ರಾಶಿ ಮಾರಾಯ್ರೇ, ಸ್ಟೆಪ್ ಫೈಲು ತನ್ನಿ" ಎಂದರು. ಅಷ್ಟೇ ಅಲ್ಲ, ಅವರ ಕಂಪ್ಯೂಟರಿನಲ್ಲಿ ನನ್ನ 10 ಇಂಚಿನ ತಟ್ಟೆ 21 ಅಡಿ ಆಗಿತ್ತು! ಸ್ಕ್ಯಾನ್ ಮಾಡಿದವರನ್ನು ಕೇಳಿದರೆ "ನಮ್ಮ ಕೆಲಸ ಸ್ಕ್ಯಾನ್, ಅದನ್ನು ಮಾಡಿದ್ದೇವೆ" ಅಂತ ಉತ್ತರ.

ದುಡ್ಡು ನೀರಿಗೆ ಹಾಕಿದ ಹಾಗಾಯ್ತಾ? ತಿಳಿದವರು ಹೇಳಿ.

ಪೆರ್ಲದ ಹುಡುಗ

ಅಣ್ಣ, ಇದಕ್ಕೆ ದುಡ್ಡು ಯಾಕೆ ಕೊಟ್ಟಿರಿ? ಫೋನಿನಲ್ಲಿ ಸುತ್ತಲೂ ನೂರು ಫೋಟೋ ತೆಗೆದರೆ ಆ್ಯಪೇ ತ್ರೀಡಿ ಮಾಡಿ ಕೊಡುತ್ತದೆ. ನಾನು ಕಾಲೇಜ್ ಪ್ರಾಜೆಕ್ಟಿಗೆ ತೆಂಗಿನಕಾಯಿ ಮಾಡಿದ್ದೆ, ಸೂಪರ್ ಬಂದಿತ್ತು. ಈಗಿನ ಕೆಲವು ಫೋನುಗಳಲ್ಲಿ ಲೈಡಾರ್ (ಬೆಳಕಿನಿಂದ ದೂರ ಅಳೆಯುವ ಸಾಧನ) ಕೂಡ ಇದೆ.

ಹೊಸೂರು ಟೂಲ್‌ರೂಮ್

ಹಾಳೆಮನೆಯವರೇ, ದುಡ್ಡು ಪೂರ್ತಿ ಹೋಗಿಲ್ಲ, ಗಾಬರಿ ಬೇಡ. ನಾನು ಇಲ್ಲಿ ಹೊಸೂರಿನಲ್ಲಿ ಡೈ, ಮೋಲ್ಡ್ ಸ್ಕ್ಯಾನ್ ಮಾಡುವ ಕೆಲಸದಲ್ಲೇ ಇದ್ದೇನೆ.

21 ಅಡಿಯ ಕಥೆ ಸುಲಭ. ಎಸ್‌ಟಿಎಲ್ ಫೈಲಿನಲ್ಲಿ ಇರುವುದು ಬರಿ ಅಂಕಿಗಳು. ಮಿಲಿಮೀಟರಾ ಇಂಚಾ ಅಂತ ಅದು ಹೇಳುವುದಿಲ್ಲ. ನಿಮ್ಮ ತಟ್ಟೆ 254 ಮಿಲಿ. ಅವರ ಸಾಫ್ಟ್‌ವೇರ್ ಅದನ್ನು 254 ಇಂಚು ಎಂದು ಓದಿಕೊಂಡಿತು. ತೆರೆಯುವಾಗ ಮಿಲಿಮೀಟರ್ ಆರಿಸಿದರೆ ಮುಗಿಯಿತು.

ಎರಡನೆಯ ಮಾತು, ತ್ರಿಕೋನಗಳ ರಾಶಿ. ಸಿಎನ್‌ಸಿಯವರು ಹೇಳಿದ್ದು ಸರಿ. ಸ್ಕ್ಯಾನರ್ ಲಕ್ಷಗಟ್ಟಲೆ ಬಿಂದು ಹಿಡಿಯುತ್ತದೆ, ಅವನ್ನು ತ್ರಿಕೋನಗಳಾಗಿ ಹೊಲಿದು ಕೊಡುತ್ತದೆ. ಅದಕ್ಕೆ ಇದು ವೃತ್ತ, ಇದು ಸಪಾಟು ಎಂದು ಗೊತ್ತಿರುವುದಿಲ್ಲ. ಆ ತ್ರಿಕೋನಗಳ ಬಲೆಯನ್ನು (ಮೆಶ್) ಕೆಳಗಿಟ್ಟುಕೊಂಡು ಮೇಲೆ ಒಬ್ಬರು ಹೊಸದಾಗಿ ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರ್ ಡ್ರಾಯಿಂಗಿನಲ್ಲಿ, ಬರೆಯಬೇಕು. ಹಾಗೆ ಬರೆದದ್ದನ್ನು ಕೊಡುವುದು ಸ್ಟೆಪ್ ಫೈಲಿನಲ್ಲಿ. ಅಸಲಿ ಕೆಲಸ ಅದೇ. ಸ್ಕ್ಯಾನಿಗೆ ಅರ್ಧ ದಿನ ಹಿಡಿದರೆ ಅದಕ್ಕೆ ಎರಡು ಮೂರು ದಿನ ಬೇಕು. ಕೊಡುವ ಮೊದಲೇ "ಸ್ಟೆಪ್ ಫೈಲು ಸಮೇತ ಎಷ್ಟು?" ಅಂತ ಕೇಳಬೇಕಿತ್ತು.

ಈಗ ನೀವು ಹೇಳಿ. ಸ್ಕ್ಯಾನ್ ಮಾಡುವ ಮುಂಚೆ ಅಚ್ಚನ್ನು ತೊಳೆದರಾ? ಅದರ ಮೇಲೆ ಏನು ಹಾಕಿದರು? ಹಿಂಬದಿಯನ್ನೂ ಸ್ಕ್ಯಾನ್ ಮಾಡಿದರಾ?

ತಮ್ಮಾ ಪೆರ್ಲ, ತೆಂಗಿನಕಾಯಿ ಚೆನ್ನಾಗಿ ಬಂದಿರುತ್ತದೆ, ನಂಬುತ್ತೇನೆ. ಅದರ ಮೈತುಂಬ ನಾರು, ಕಲೆ. ಫೋಟೋಗಳನ್ನು ಒಂದಕ್ಕೊಂದು ಜೋಡಿಸಲು ಆ್ಯಪಿಗೆ ಅದೇ ಆಧಾರ. ಪಾಲಿಶ್ ಮಾಡಿದ ಅಲ್ಯೂಮಿನಿಯಂ ಮೇಲೆ ಹಿಡಿದುಕೊಳ್ಳಲು ಏನೂ ಇಲ್ಲ. ಜೊತೆಗೆ ಬರಿ ಫೋಟೋದಲ್ಲಿ ಅಳತೆ ಇರುವುದಿಲ್ಲ, ಪಕ್ಕದಲ್ಲಿ ಗೊತ್ತಿರುವ ಉದ್ದದ ಪಟ್ಟಿ ಇಟ್ಟು ಹೇಳಿಕೊಡಬೇಕು. ಫೋನಿನ ಲೈಡಾರ್ ಕೋಣೆ ಅಳೆಯಲು ಸರಿ. ಅಚ್ಚಿಗೆ ಅಲ್ಲ.

ಹಾಳೆಮನೆ

ತೊಳೆಯಲಿಲ್ಲ ಸರ್. ಹಾಳೆಯ ರಸ ಬಿಸಿಗೆ ಸುಟ್ಟು ಕಂದು ಬಣ್ಣದ ಪದರ ಕೂತಿರುತ್ತದೆ, ಹಾಗೇ ಒಯ್ದೆ. ಅವರು ಮಕ್ಕಳ ಪೌಡರ್ ಉದುರಿಸಿ ಬ್ರಶ್ಶಿನಲ್ಲಿ ಹರಡಿದರು. ಹಿಂಬದಿ ಮಾಡಲಿಲ್ಲ. "ತಟ್ಟೆಯ ಆಕಾರ ಮುಂದೆ ತಾನೇ ಇರುವುದು" ಅಂದರು.

ಒಂದು ಸಂಶಯ. ಪೌಡರ್ ಯಾಕೆ ಬೇಕು? ಮುಟ್ಟದೆ ಅಳೆಯುವುದು ಹೇಗೆ ಅಂತ ಅಲ್ಲಿ ಕೇಳಿದೆ, ಯಾರೂ ಸರಿಯಾಗಿ ಹೇಳಲಿಲ್ಲ. ಪ್ರೊಜೆಕ್ಟರಿನಿಂದ ನೀಲಿ ಪಟ್ಟೆ ಪಟ್ಟೆ ಬೆಳಕು ಬೀಳುತ್ತಿತ್ತು, ಅಷ್ಟೇ ನೋಡಿದ್ದು.

ಹೊಸೂರು ಟೂಲ್‌ರೂಮ್

ನಿಮ್ಮ ಮನೆಯಲ್ಲಿ ಸರಳಿನ ಕಿಟಕಿ ಇದೆಯಲ್ಲ. ಬೆಳಗ್ಗೆ ಬಿಸಿಲು ಒಳಗೆ ಬಿದ್ದಾಗ ಸರಳಿನ ನೆರಳು ನೆಲದ ಮೇಲೆ ನೆಟ್ಟಗೆ ಬೀಳುತ್ತದೆ. ಅದೇ ಜಾಗದಲ್ಲಿ ಒಂದು ಅಡಿಕೆ ಮೂಟೆ ಇಡಿ. ನೆರಳು ಮೂಟೆಯ ಮೇಲೆ ಹತ್ತಿ, ಬಾಗಿ, ಆ ಕಡೆ ಇಳಿಯುತ್ತದೆ. ಪಕ್ಕದಲ್ಲಿ ನಿಂತು ನೋಡಿದರೆ ಗೆರೆ ಎಷ್ಟು ಬಾಗಿದೆ ಎನ್ನುವುದರಿಂದಲೇ ಮೂಟೆ ಎಷ್ಟು ಉಬ್ಬಿದೆ ಎಂದು ಹೇಳಬಹುದು. ಆದರೆ ಬಿಸಿಲು ಬರುವ ದಿಕ್ಕಿನಿಂದಲೇ ನೋಡಿದರೆ ಗೆರೆ ನೆಟ್ಟಗೇ ಕಾಣುತ್ತದೆ, ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಸ್ಕ್ಯಾನರಿನಲ್ಲಿ ಪ್ರೊಜೆಕ್ಟರ್ ಒಂದು ಕಡೆ, ಕ್ಯಾಮೆರಾ ಸ್ವಲ್ಪ ದೂರದಲ್ಲಿ ಓರೆಯಾಗಿ. ಪ್ರೊಜೆಕ್ಟರ್, ಕ್ಯಾಮೆರಾ, ವಸ್ತುವಿನ ಮೇಲಿನ ಬಿಂದು, ಈ ಮೂರೂ ಸೇರಿ ಒಂದು ತ್ರಿಕೋನ. ಎರಡು ಕೋನ, ಒಂದು ಬದಿ ಗೊತ್ತಿದ್ದರೆ ಉಳಿದದ್ದು ಶಾಲೆಯ ಲೆಕ್ಕ.

ನೀಲಿ ಯಾಕೆಂದರೆ ಟ್ಯೂಬ್‌ಲೈಟು, ಬಿಸಿಲಿನ ಬೆಳಕಿನಿಂದ ಅದನ್ನು ಫಿಲ್ಟರ್ ಹಾಕಿ ಬೇರೆ ಮಾಡುವುದು ಸುಲಭ.

ಇನ್ನು ಪೌಡರ್. ಬೆಳಕು ಬಿದ್ದ ಜಾಗದಲ್ಲಿ ಎಲ್ಲ ಕಡೆ ಚದುರಬೇಕು, ಆಗ ಕ್ಯಾಮೆರಾಕ್ಕೆ ಗೆರೆ ಕಾಣುತ್ತದೆ. ಹೊಳೆಯುವ ಲೋಹ ಕನ್ನಡಿಯ ಹಾಗೆ ಒಂದೇ ಕಡೆ ಎರಚುತ್ತದೆ. ಕಪ್ಪು ರಬ್ಬರ್ ನುಂಗಿಬಿಡುತ್ತದೆ. ಗಾಜು ಒಳಗೇ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಬಿಳಿ ಮ್ಯಾಟ್ ಪದರ ಬೇಕು. ಆದರೆ ಉದುರಿಸಿದ ಪೌಡರ್ ಒಂದು ಕಡೆ ಗುಪ್ಪೆ, ಒಂದು ಕಡೆ ಖಾಲಿ. ಸ್ಕ್ಯಾನರ್ ಪೌಡರಿನ ಗುಪ್ಪೆಯನ್ನೂ, ಸುಟ್ಟ ರಸವನ್ನೂ ಅಚ್ಚು ಅಂತಲೇ ಅಳೆದಿರುತ್ತದೆ. ನಿಮ್ಮ ಮೆಶ್ ಹತ್ತಿರದಿಂದ ನೋಡಿದರೆ ಉಪ್ಪಿಟ್ಟಿನ ರವೆ ಹಾಗೆ ಕಾಣುತ್ತಿರಬೇಕು, ಅಲ್ವಾ?

ಸ್ಪ್ರೇ ಮಾಡಬೇಕು. ವೆಲ್ಡಿಂಗ್ ಬಿರುಕು ನೋಡಲು ಹೊಡೆಯುವ ಬಿಳಿ ಡೆವಲಪರ್ ಅಗ್ಗ, ಆದರೆ ಆಮೇಲೆ ಚೆನ್ನಾಗಿ ತೊಳೆಯಬೇಕು. ಊಟದ ತಟ್ಟೆಯ ಅಚ್ಚು ನೋಡಿ. ಇನ್ನೊಂದು ತಾನಾಗಿ ಮಾಯವಾಗುವ ಸ್ಪ್ರೇ. ಕೆಲವದರಲ್ಲಿ ಸೈಕ್ಲೋಡೋಡೆಕೇನ್ ಎಂಬ ಮೇಣದಂಥ ವಸ್ತು ಇರುತ್ತದೆ. ತಟ್ಟೆಯಲ್ಲಿ ತೆರೆದಿಟ್ಟ ಕರ್ಪೂರ ಕರಗದೆಯೇ ಆರಿ ಹೋಗುತ್ತದಲ್ಲ, ಹಾಗೇ ಹೋಗುತ್ತದೆ. ದುಬಾರಿ.

ಆ ಫೈಲು ಕಳಿಸಿ, ನೋಡುತ್ತೇನೆ.

ವರ್ನಿಯರ್ (ಮಂಜೇಶ್ವರ)

ನಾನು ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು. ಒಂದು ತಟ್ಟೆಯ ಅಚ್ಚಿಗೆ ಇಷ್ಟೆಲ್ಲ ಯಾಕೆ? ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದು, ತಗಡಿನ ಟೆಂಪ್ಲೇಟ್ ಕತ್ತರಿಸಿ, ಹೈಟ್ ಗೇಜ್ ಇಟ್ಟು ಡ್ರಾಯಿಂಗ್ ಮಾಡುತ್ತಿದ್ದೆವು. ನಮ್ಮ ಕಾಲದಲ್ಲಿ ತಟ್ಟೆ ಬರುತ್ತಿರಲಿಲ್ಲವಾ?

ಅದಿರಲಿ. ನನ್ನ ಪ್ರಶ್ನೆ ಬೇರೆ. ಬಲಗಡೆ ಮಾತ್ರ ಯಾಕೆ ಸವೆಯಿತು?

ಜತ್ತಿನವ

ನಮಸ್ಕಾರ್ರೀ. ಜತ್ತಿನವ, ಈಗ ಕೊಲ್ಹಾಪುರದ ಫೌಂಡ್ರಿಯೊಂದರಲ್ಲಿ ಪ್ಯಾಟರ್ನ್ (ಎರಕದ ಮಾದರಿ) ಮಾಡುವ ಕೆಲಸ. ಅಣ್ಣಾ, ಒಂದು ಎಚ್ಚರಿಕೆ. ಹೊಸ ಅಚ್ಚನ್ನು ಎರಕ ಹೊಯ್ಯಿಸುವುದಾದರೆ ಸ್ಕ್ಯಾನಿನ ಅಳತೆಯನ್ನು ಹಾಗೇ ಪ್ಯಾಟರ್ನಿಗೆ ಹಾಕಬೇಡಿ.

ನಮ್ಮಲ್ಲೇ ಆಗಿದ್ದು ಹೇಳುತ್ತೇನೆ. ಹಳೇ ಪಂಪಿನ ಬಾಡಿ, ಬೀಡು ಕಬ್ಬಿಣದ್ದು. ಸ್ಯಾಂಪಲ್ ಬಂತು, ಸ್ಕ್ಯಾನ್ ಆಯಿತು, ಕ್ಯಾಡ್ ಆಯಿತು, ಪ್ಯಾಟರ್ನ್ ಮಶೀನಿಗೆ ಹೋಯಿತು. ಎಲ್ಲಾ ಭಾಳ ಚೆಂದ. ಎರಕ ಹೊಯ್ದು ತಣ್ಣಗಾದ ಮೇಲೆ 400 ಮಿಲಿ ಉದ್ದದ್ದು 396 ಬಂತು. ಬೀಡು ತಣಿಯುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ, ಅಲ್ಯೂಮಿನಿಯಂ ಇನ್ನೂ ಸ್ವಲ್ಪ ಜಾಸ್ತಿ. ನಮ್ಮ ಹಳೇ ಮೇಸ್ತ್ರಿಗಳ ಅಳತೆಪಟ್ಟಿಯೇ ಆ ಕುಗ್ಗುವಷ್ಟು ಜಾಸ್ತಿ ಉದ್ದ ಇರುತ್ತಿತ್ತು. ಅದನ್ನು ಹಿಡಿದವನಿಗೆ ಮರೆತರೂ ಪಟ್ಟಿಗೆ ನೆನಪಿರುತ್ತಿತ್ತು. ಕಂಪ್ಯೂಟರಿಗೆ ಯಾರೂ ಹೇಳಲಿಲ್ಲ ನೋಡ್ರಿ. ಮಶೀನಿಂಗ್‌ಗೆ ಬಿಡುವ ದಪ್ಪವೂ ಬಿಟ್ಟಿರಲಿಲ್ಲ, ಯಾಕೆಂದರೆ ಸ್ಕ್ಯಾನ್ ಮಾಡಿದ್ದು ಮಶೀನಿಂಗ್ ಮುಗಿದ ಮಾಲನ್ನು. ಎಂಟು ಪೀಸು ಮತ್ತೆ ಕುಲುಮೆಗೇ ಹೋದವು.

ಚೌಕಿಮನೆ

ವಿಷಯಾಂತರಕ್ಕೆ ಕ್ಷಮೆ ಇರಲಿ. ನಮ್ಮ ಕುಟುಂಬದಲ್ಲಿ ಭೂತದ ಹಿತ್ತಾಳೆಯ ಮುಗ (ಮುಖವಾಡ) ಇದೆ. ಅದನ್ನೂ ಹೀಗೆ ಸ್ಕ್ಯಾನ್ ಮಾಡಿ ಇಡಬಹುದಾ? ಮುಟ್ಟದೆ ಅಂದದ್ದಕ್ಕೆ ಕೇಳಿದೆ.

ಹೊಸೂರು ಟೂಲ್‌ರೂಮ್

ಮಾಡಬಹುದು. ಆದರೆ ಸ್ಪ್ರೇ ಗೀಪ್ರೇ ಯಾರಾದರೂ ತಂದರೆ ಮನೆಯ ಹಿರಿಯರನ್ನು ಕೇಳದೆ ಬಿಡಬೇಡಿ. ಮುಟ್ಟದೆ ಅಂದರೂ ಸ್ಪ್ರೇ ಮುಟ್ಟುತ್ತದೆ, ಸ್ಟಿಕ್ಕರ್ ಮುಟ್ಟುತ್ತದೆ. ಹಳೇ ಹಿತ್ತಾಳೆ ಕಪ್ಪು ಹಿಡಿದು ಮಂಕಾಗಿದ್ದರೆ ಹಾಗೇ ಬರಬಹುದು. ಮೋಡದ ದಿನ ಅಂಗಳದಲ್ಲಿ ಇಟ್ಟು ಪೆರ್ಲದ ತಮ್ಮನನ್ನು ಕರೆಯಿರಿ. ಈ ಕೆಲಸಕ್ಕೆ ಅವನ ಫೋಟೋ ವಿಧಾನವೇ ಸರಿ.

ಪೆರ್ಲದ ಹುಡುಗ

ನಾನು ರೆಡಿ!

ಹೊಸೂರು ಟೂಲ್‌ರೂಮ್

ಹಾಳೆಮನೆಯವರೇ, ಫೈಲು ನೋಡಿದೆ. ರವೆ ಅಂದೆನಲ್ಲ, ಅದೇ. ಆದರೂ ಒಂದು ಕೆಲಸಕ್ಕೆ ಬಂತು.

ನಿಮ್ಮ ತಟ್ಟೆಯ ಎಡ ಅರ್ಧ, ಬಲ ಅರ್ಧ ಒಂದೇ ಥರ ಇರಬೇಕು. ನಡುವಿನ ಏಣನ್ನು ಗೆರೆಯಾಗಿ ಹಿಡಿದು ಎಡ ಅರ್ಧವನ್ನು ಕನ್ನಡಿಯಂತೆ ತಿರುಗಿಸಿ ಬಲದ ಮೇಲೆ ಇಟ್ಟೆ. ವ್ಯತ್ಯಾಸಕ್ಕೆ ಬಣ್ಣ ಕೊಟ್ಟೆ. ಹಸಿರು ಅಂದರೆ ಸಮ, ನೀಲಿ ಅಂದರೆ ಲೋಹ ಹೋಗಿದೆ. ಬಲಗಡೆಯ ಗೋಡೆ ಪೂರ್ತಿ ನೀಲಿ, ಸುಮಾರು ಅರ್ಧ ಮಿಲಿಯಿಂದ 0.6ರ ತನಕ. ತಳ ಹಸಿರು. ತಳ ಸವೆಯದೆ ಒಂದೇ ಬದಿಯ ಗೋಡೆ ಸವೆದಿದೆ ಅಂದರೆ ಒತ್ತಡ ಜಾಸ್ತಿಯಾದದ್ದಲ್ಲ. ಅಚ್ಚು ಇಳಿಯುವಾಗ ಬಲಕ್ಕೆ ಸರಿದು ಉಜ್ಜುತ್ತಿದೆ. ವರ್ನಿಯರ್ ಅಣ್ಣ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ವರ್ನಿಯರ್

ಅಚ್ಚನ್ನು ನೆಟ್ಟಗೆ ಇಳಿಸುವ ಗೈಡ್ ರಾಡಿನ ಬುಶ್ (ರಾಡಿನ ಸುತ್ತಲಿನ ಬಳೆ) ಸವೆದು ಹೋಗಿರುತ್ತದೆ. ಪ್ರೆಸ್ ಆಫ್ ಮಾಡಿ, ಮೇಲಿನ ಪ್ಲೇಟ್ ಕೈಯಲ್ಲಿ ಹಿಡಿದು ಎಡ ಬಲ ಅಲ್ಲಾಡಿಸಿ ನೋಡಿ.

ಆಮೇಲೆ ಇದನ್ನೂ ಮಾಡಿ. 3 ಮಿಲಿ ದಪ್ಪದ ಮೆತ್ತನೆಯ ಬೆಸುಗೆ ತಂತಿ ತನ್ನಿ. ಉಗುರಿನಷ್ಟು ಚಿಕ್ಕ ನಾಲ್ಕು ತುಂಡು. ಹೆಣ್ಣು ಅಚ್ಚಿನ (ಕೆಳಗಿನದರ) ಗೋಡೆಗೆ ನಾಲ್ಕು ದಿಕ್ಕಿನಲ್ಲಿ ಸ್ವಲ್ಪ ಗ್ರೀಸಿನಲ್ಲಿ ಅಂಟಿಸಿ. ತಣ್ಣಗಿರುವಾಗಲೇ ಮೆಲ್ಲ ಒತ್ತಿ, ತೆಗೆಯಿರಿ. ಚಪ್ಪಟೆಯಾದ ತುಂಡಿನ ದಪ್ಪ ಅಳೆಯಿರಿ. ಎರಡು ಅಚ್ಚಿನ ನಡುವಿನ ಸಂದು ಅಷ್ಟೇ.

ಹೊಸೂರು ಟೂಲ್‌ರೂಮ್

ಸೀಸ ಇಲ್ಲದ ಬೆಸುಗೆ ತಂತಿಯೇ ತನ್ನಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಈ ಸಂದನ್ನು ನನ್ನ ಸ್ಕ್ಯಾನರ್ ಅಳೆಯಲಾರದು. ಬೆಳಕು ಹೋಗದ ಜಾಗಕ್ಕೆ ಅದೂ ಹೋಗುವುದಿಲ್ಲ.

ಹಾಳೆಮನೆ

ಅಲ್ಲಾಡಿಸಿದೆ. ಟಕ್ ಟಕ್ ಅನ್ನುತ್ತದೆ. ಇಷ್ಟು ದಿನ ಪಂಪಿನ ಸದ್ದಿನಲ್ಲಿ ಗೊತ್ತೇ ಆಗಿರಲಿಲ್ಲ.

ತಂತಿಯ ಅಳತೆ: ಎಡ 2.8, ಬಲ 1.4, ಮುಂದೆ 1.8, ಹಿಂದೆ 1.9. ಎಲ್ಲ ಮಿಲಿಮೀಟರ್.

ಹೊಸೂರು ಟೂಲ್‌ರೂಮ್

ಚೆಂದ! ಎಡ ಬಲ ಕೂಡಿಸಿದರೆ 4.2. ಹಿಂದೆ ಮುಂದೆ ಕೂಡಿಸಿದರೆ 3.7. ಎರಡೂ ಸಮ ಇರಬೇಕಿತ್ತು, ಹೆಚ್ಚಾದದ್ದು ಅರ್ಧ ಮಿಲಿ. ಬಣ್ಣದಲ್ಲಿ ಕಂಡ ಸವೆತವೂ ಹೆಚ್ಚು ಕಡಿಮೆ ಅಷ್ಟೇ. ಅಣ್ಣನ ತಂತಿಯೂ ನನ್ನ ಬಣ್ಣವೂ ಒಂದೇ ಮಾತು ಹೇಳುತ್ತಿವೆ. ಅಷ್ಟು ಸವೆದ ಮೇಲೂ ಬಲಗಡೆ 1.4 ಮಾತ್ರ ಉಳಿದಿದೆ. ಹಾಳೆ ಅಲ್ಲಿ ಹರಿಯದೆ ಇನ್ನೇನು?

ಮೊದಲು ಬುಶ್ ಹಾಕಿಸಿ. ಇಲ್ಲದಿದ್ದರೆ ಹೊಸ ಅಚ್ಚೂ ಹೀಗೇ ಆಗುತ್ತದೆ.

ಬಿರುಕು ಇರುವುದರಿಂದ ಗಂಡು ಅಚ್ಚು ಹೊಸದು ಬೇಕೇ ಬೇಕು. ಮತ್ತೆ ಸ್ಕ್ಯಾನ್ ಮಾಡಿಸುವಾಗ ಇಷ್ಟು ಹೇಳಿ. ಕಂದು ಪದರ ತೆಗೆದು ತೊಳೆದು ಒಯ್ಯಿರಿ. ಎಮರಿ ಹಾಕಿ ಉಜ್ಜಬೇಡಿ, ಲೋಹ ಹೋಗುತ್ತದೆ. ಸ್ಪ್ರೇ ಬೇಕು ಎನ್ನಿ. ಮುಂದೆ ಹಿಂದೆ ಎರಡೂ ಬೇಕು, ಯಾಕೆಂದರೆ ಹಿಂಬದಿಯ ಸಪಾಟು ಮುಖ, ಬೋಲ್ಟ್ ತೂತುಗಳೇ ಅಚ್ಚು ಪ್ರೆಸ್ಸಿನಲ್ಲಿ ಎಲ್ಲಿ ಕೂರುತ್ತದೆ ಎಂದು ಹೇಳುವುದು. ಮುಂಭಾಗ ಎಷ್ಟೇ ಚೆನ್ನಾಗಿ ಬಂದರೂ ಅದು ತೂತುಗಳಿಗೆ ಎಷ್ಟು ದೂರ ಎಂದು ಗೊತ್ತಿಲ್ಲದಿದ್ದರೆ ಏನು ಮಾಡುತ್ತೀರಿ? ಎರಡು ಬದಿಯನ್ನು ಜೋಡಿಸಲು ಅಂಚಿನಲ್ಲಿ ದುಂಡು ಸ್ಟಿಕ್ಕರ್ ಅಂಟಿಸುತ್ತಾರೆ. ಎರಡೂ ಕಡೆಯಿಂದ ಕನಿಷ್ಠ ಮೂರು ಸ್ಟಿಕ್ಕರ್ ಕಾಣಬೇಕು, ಐದಾರು ಇದ್ದರೆ ನೆಮ್ಮದಿ. ಒಂದೇ ಸಾಲಿನಲ್ಲಿ ಅಂಟಿಸಬಾರದು.

ಹಾಳೆಮನೆ

ಒಂದು ಕಡೆ ಕೇಳಿದೆ. 20 ಮೈಕ್ರಾನ್ ಸ್ಕ್ಯಾನರ್ ಬೇಕಾ, 100 ಮೈಕ್ರಾನ್ ಸಾಕಾ ಎಂದರು. ದರದಲ್ಲಿ ತುಂಬ ವ್ಯತ್ಯಾಸ ಇದೆ.

ಹೊಸೂರು ಟೂಲ್‌ರೂಮ್

ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿ. ನಿಮಗೆ 100 ಧಾರಾಳ ಸಾಕು. ಹಾಳೆಯೇ ಬುಡದಲ್ಲಿ ದಪ್ಪ, ಅಂಚಿನಲ್ಲಿ ತೆಳು. ಮೈಕೆಲೆಂಜೆಲೊನ ಡೇವಿಡ್ ಶಿಲ್ಪವನ್ನು 1999ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಲೇಸರಿನಲ್ಲಿ ಸ್ಕ್ಯಾನ್ ಮಾಡಿದ್ದು ಕಾಲು ಮಿಲಿಯಷ್ಟು ಸೂಕ್ಷ್ಮದಲ್ಲಿ. ಉಳಿಯ ಗುರುತು ಕಾಣಲು ಅಷ್ಟು ಸಾಕಾಗಿತ್ತು. ನಮ್ಮ ಪಲ್ಯದ ಖಾನೆಗೆ 20 ಮೈಕ್ರಾನ್ ಯಾಕೆ?

ಜಾಹೀರಾತಿನ ಮೈಕ್ರಾನ್ ಬೇರೆ, ಸಿಗುವ ಮೈಕ್ರಾನ್ ಬೇರೆ. ಬಿಂದು ಬಿಂದುವಿನ ನಡುವಿನ ಅಂತರವನ್ನೇ ನಿಖರತೆ ಎಂದು ಹೇಳಿ ಮಾರುವವರೂ ಇದ್ದಾರೆ. ಸರಿಯಾಗಿ ಕೆಲಸ ಮಾಡುವವರ ಹತ್ತಿರ ಎರಡು ಸೆರಾಮಿಕ್ ಗುಂಡು ಕೂಡಿಸಿದ ಒಂದು ಸರಳು ಇರುತ್ತದೆ. ಗುಂಡುಗಳ ನಡುವಿನ ದೂರ ಮೊದಲೇ ಗೊತ್ತು. ಅದನ್ನು ಬೇರೆ ಬೇರೆ ಕೋನದಲ್ಲಿ ಇಟ್ಟು ಸ್ಕ್ಯಾನ್ ಮಾಡಿ ತಾಳೆ ನೋಡುತ್ತಾರೆ. ಜರ್ಮನಿಯ ವಿಡಿಐ 2634, ಆಮೇಲೆ 2021ರಲ್ಲಿ ಬಂದ ಐಎಸ್‌ಒ 10360ರ 13ನೇ ಭಾಗ, ಈ ಮಾನದಂಡಗಳಲ್ಲಿ ಇಂಥ ಪರೀಕ್ಷೆಗಳ ವಿವರ ಇದೆ. "ಆ ರಿಪೋರ್ಟ್ ಇದೆಯಾ" ಎಂದು ಕೇಳಿ ನೋಡಿ. ಮುಖ ನೋಡಿದರೆ ಗೊತ್ತಾಗುತ್ತದೆ.

ಹಾಳೆಮನೆ

(ಮೂರು ವಾರ ಬಿಟ್ಟು) ಬುಶ್ ಹಾಕಿಸಿದೆ. ಗಂಡು ಅಚ್ಚನ್ನು ಮಂಗಳೂರಿನ ಕಡೆ ಸ್ಕ್ಯಾನ್ ಮಾಡಿಸಿದೆ, ಈ ಸಲ ಎದುರಿಗೇ ನಿಂತು. ಕ್ಯಾಡ್ ಮಾಡಿದ ಹುಡುಗಿ ತುಂಬ ಚುರುಕು. ಗೋಡೆಯ ಓರೆ ಸ್ಕ್ಯಾನಿನಲ್ಲಿ 30.2 ಡಿಗ್ರಿ, ಏಣಿನ ರೇಡಿಯಸ್ 5.93, ವ್ಯಾಸ 253.7 ಅಂತ ಬಂದಿತ್ತು. "ಮೂಲದಲ್ಲಿ ಮಾಡಿದವರು 30 ಡಿಗ್ರಿ, 6 ಮಿಲಿ, 254 ಅಂತಲೇ ಇಟ್ಟಿರುತ್ತಾರೆ ಅಂಕಲ್, ಯಾರೂ 5.93 ಅಂತ ಇಡುವುದಿಲ್ಲ" ಎಂದು ಹಾಗೇ ಬರೆದಳು. ಸವೆದ ಬಲಗಡೆ ಬಿಟ್ಟು ಎಡವನ್ನೇ ಮಗುಚಿ ಹಾಕಿದಳು.

ಈಗ ಹೊಸ ಪ್ರಶ್ನೆ. ಸಿಎನ್‌ಸಿಯವರು ಗಂಡು ಅಚ್ಚನ್ನು ಎಂಎಸ್ ಉಕ್ಕಿನಲ್ಲಿ ಮಾಡೋಣ, ಬಾಳಿಕೆ ಜಾಸ್ತಿ ಎನ್ನುತ್ತಾರೆ. ಹೆಣ್ಣು ಅಚ್ಚು ಅಲ್ಯೂಮಿನಿಯಂದೇ ಇದೆ. ಆಗುತ್ತದಾ?

ಹೊಸೂರು ಟೂಲ್‌ರೂಮ್

ಒಳ್ಳೆಯ ಪ್ರಶ್ನೆ. ಸ್ಕ್ಯಾನ್ ಮಾಡಿದ್ದು ತಣ್ಣಗಿನ ಅಚ್ಚನ್ನು, ಕೆಲಸ ಮಾಡುವುದು ಬಿಸಿ ಅಚ್ಚು. ಅಲ್ಯೂಮಿನಿಯಂ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು 12. ನಿಮ್ಮ ಅಚ್ಚು 250 ಮಿಲಿ, 70 ಡಿಗ್ರಿ ಏರಿತು ಅನ್ನಿ. ಅಲ್ಯೂಮಿನಿಯಂ 0.4 ಮಿಲಿ ಹಿಗ್ಗಿದರೆ ಉಕ್ಕು 0.2. ಹೊರಗಿರುವ ಹೆಣ್ಣು ಜಾಸ್ತಿ ಹಿಗ್ಗುವುದರಿಂದ ಸಂದು ಒಂದೊಂದು ಬದಿಗೆ 0.1ರಷ್ಟು ದೊಡ್ಡದಾಗುತ್ತದೆ.

ವರ್ನಿಯರ್

0.1ಕ್ಕೆಲ್ಲ ಹಾಳೆ ಕೇರ್ ಮಾಡುವುದಿಲ್ಲ. ಆದರೆ ಉಕ್ಕು ಭಾರ. ಮೇಲಿನ ಪ್ಲೇಟಿಗೆ, ಹೊಸ ಬುಶ್ಶಿಗೆ ಸುಮ್ನೆ ಹೊರೆ. ಬಿಸಿಯಾಗುವುದೂ ನಿಧಾನ, ಕರೆಂಟು ಬಿಲ್ ನೋಡಿ ಆಮೇಲೆ ಬೇಸರ ಮಾಡಿಕೊಳ್ಳುತ್ತೀರಿ. ಅಲ್ಯೂಮಿನಿಯಂನಲ್ಲೇ ಮಾಡಿಸಿ.

ಹೊಸೂರು ಟೂಲ್‌ರೂಮ್

ಅಣ್ಣ ಹೇಳಿದ್ದಕ್ಕೆ ನನ್ನ ಸಹಿ.

ಜತ್ತಿನವ

ಎರಕ ಬೇಡ್ರಿ, ಗಟ್ಟಿ ಬ್ಲಾಕಿನಲ್ಲೇ ಕಡೆಸಿ. ನಮ್ಮ ಹೊಟ್ಟೆಪಾಡಿಗೆ ವಿರುದ್ಧ ಮಾತು, ಆದರೂ ಒಂದೇ ಪೀಸಿಗೆ ಪ್ಯಾಟರ್ನ್ ಖರ್ಚು ದಂಡ.

ಹಾಳೆಮನೆ

ಮೊನ್ನೆ ಅಚ್ಚು ಬಂತು. ಅಲ್ಯೂಮಿನಿಯಂ ಬ್ಲಾಕಿನಲ್ಲೇ ಕಡೆಸಿದ್ದು. ಬೋಲ್ಟ್ ನಾಲ್ಕೂ ಕೈಯಲ್ಲೇ ತಿರುಗಿ ಕೂತವು. ಬಿಸಿ ಮಾಡುವ ಮುಂಚೆ ತಂತಿ ಇಟ್ಟು ನೋಡಿದೆ: 1.8, 1.8, 1.8, 1.9.

ಮೊದಲ ತಟ್ಟೆಗೆ ಚೆನ್ನಾಗಿ ನೆನೆದ ಹಾಳೆ ಹಾಕಿದೆ. ಉಸ್ ಎಂದು ಹಬೆ ಎದ್ದಿತು. ತೆಗೆದಾಗ ಏಣಿನ ಮೂಲೆ ಹರಿದಿರಲಿಲ್ಲ. ಮನೆಯವಳು ಪಲ್ಯದ ಖಾನೆಗೆ ನೀರು ಹೊಯ್ದು ಅರ್ಧ ಗಂಟೆ ಜಗಲಿಯಲ್ಲಿ ಇಟ್ಟಳು. ಸಾರಿನ ಖಾನೆ ಒಣಗಿಯೇ ಇತ್ತು.

ಸ್ಟೆಪ್ ಫೈಲನ್ನು ಅಳಿಯನ ಹತ್ತಿರ ಒಂದು, ನನ್ನ ಮೇಲ್‌ನಲ್ಲಿ ಒಂದು ಇಟ್ಟಿದ್ದೇನೆ. ಫೈಲಿನ ಹೆಸರಲ್ಲೇ "ಮಿಲಿಮೀಟರ್" ಅಂತ ಬರೆಸಿದ್ದೇನೆ.

ಪೆರ್ಲದ ಹುಡುಗ

ಅಣ್ಣ, ಹಳೇ ಅಚ್ಚು ಗುಜರಿಗೆ ಹಾಕುವ ಮೊದಲು ನನಗೆ ಕೊಡಿ. ಪೌಡರ್ ಇಲ್ಲದೆ ಫೋಟೋದಲ್ಲಿ ಎಷ್ಟು ಬರುತ್ತದೆ ನೋಡಬೇಕು. ಮುಗದ ಕೆಲಸ ಈ ಭಾನುವಾರ ಇದೆ, ಮೋಡ ಇದ್ದರೆ.

ವರ್ನಿಯರ್

ಬುಶ್ಶಿಗೆ ಎಣ್ಣೆ ಹಾಕುತ್ತಿದ್ದೀರಾ?

ಹಾಳೆಮನೆ

ಬೆಳಗ್ಗೆ ಒಮ್ಮೆ, ಊಟ ಆದ ಮೇಲೆ ಒಮ್ಮೆ. ಎಣ್ಣೆ ಡಬ್ಬಿಯನ್ನು ಪ್ರೆಸ್ಸಿಗೇ ಕಟ್ಟಿಬಿಟ್ಟಿದ್ದೇನೆ ಅಣ್ಣ.